ಕಂಬಿ ಹಿಡಿದು ಕುಣಿದರೆ ಮೋಸವೇ?

*"ಟೋಕಿಯೋದ ಮಗಳ ಮನೆಗೆ ಹೋಗಿದ್ದಾಗ ಗೇಮ್ ಸೆಂಟರ್ ಒಂದಕ್ಕೆ ಹೋಗಿದ್ದೆ. ಆಫೀಸ್ ಬಟ್ಟೆಯಲ್ಲಿದ್ದ ಹುಡುಗನೊಬ್ಬ ಡ್ಯಾನ್ಸ್ ಮಷಿನ್ ಹತ್ತಿ, ಹಿಂದಿನ ಕಂಬಿ ಹಿಡಿದುಕೊಂಡು ಕಾಲು ಬಡಿಯುತ್ತಿದ್ದ. ಮುಖದಲ್ಲಿ ಭಾವವಿಲ್ಲ, ಕೈ ಆಡೋದೇ ಇಲ್ಲ. ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತವಳು ನಾನು. ಇದು ಡ್ಯಾನ್ಸಾ? ಕಂಬಿ ಹಿಡಿಯೋದು ಮೋಸ ಅಲ್ವಾ?"*
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಮೋಸ ಅಲ್ಲ ಮೇಡಂ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಈ ಆಟ ನನಗೆ ತುಂಬಾ ಇಷ್ಟ.

ನಿಮ್ಮ ವರ್ಣನೆ ನೋಡಿದರೆ ಅದು 'ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್' ಇರಬೇಕು. ಕೊನಾಮಿ ಕಂಪನಿ 1998ರಲ್ಲಿ ಜಪಾನಿನಲ್ಲಿ ಶುರು ಮಾಡಿದ್ದು. ಕಾಲಡಿ ನಾಲ್ಕು ಬಾಣ: ಎಡ, ಬಲ, ಹಿಂದೆ, ಮುಂದೆ. ಪರದೆಯಲ್ಲಿ ಕೆಳಗಿನಿಂದ ಬಾಣಗಳು ಏರಿ ಬರುತ್ತವೆ. ಮೇಲಿನ ಗುರುತಿಗೆ ಸರಿಯಾಗಿ ಕೂತ ಕ್ಷಣ ತುಳಿಯಬೇಕು. ಮಷಿನ್‌ಗೆ ಗೊತ್ತಾಗುವುದು ಎರಡೇ: ಯಾವ ಬಾಣ ತುಳಿದಿರಿ, ಯಾವಾಗ ತುಳಿದಿರಿ. ಮುಖ, ಕೈ ಅದಕ್ಕೆ ಕಾಣುವುದಿಲ್ಲ. ಆದರೆ ಆ 'ಯಾವಾಗ' ಇದೆಯಲ್ಲ, ಅದರಲ್ಲಿ ಬಲು ಕಟ್ಟುನಿಟ್ಟು. ಮಷಿನ್ ಕೊಡುವ ಅತಿ ಒಳ್ಳೆಯ ತೀರ್ಪು 'ಮಾರ್ವೆಲಸ್' ಅನ್ನಿಸಿಕೊಳ್ಳಲು ಸೆಕೆಂಡಿನ 60ರಲ್ಲಿ ಸುಮಾರು ಒಂದು ಪಾಲಿನಷ್ಟು ಮಾತ್ರ ಆಚೀಚೆ ಆಗಬಹುದು.

ಭರತನಾಟ್ಯದ ಮೂಲ ಹೆಜ್ಜೆಗಳಾದ ಅಡವುಗಳನ್ನು ನೀವು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ ಮಾಡಿರುತ್ತೀರಿ. ಮೂರನೇ ಕಾಲ ಬಂದಾಗ ಕಾಲು ಹೇಗೆ ಓಡುತ್ತದೆ, ನೆನಪಿದೆಯಲ್ಲ? ಇಲ್ಲಿ ನಿಮಿಷಕ್ಕೆ 150 ಬೀಟ್ ಇರುವ ಹಾಡಿನಲ್ಲಿ ಬೀಟ್‌ಗೆ ನಾಲ್ಕು ಬಾಣ ಬಂದರೆ, ಸೆಕೆಂಡಿಗೆ 10 ಹೆಜ್ಜೆ. ಆ ವೇಗದಲ್ಲಿ ಮೈಭಾರವೆಲ್ಲ ಪಾದದ ಮೇಲೇ ಇದ್ದರೆ ಮುಂದಿನ ಬಾಣಕ್ಕೆ ಕಾಲು ಏಳುವುದೇ ಕಷ್ಟ. ಅದಕ್ಕೇ ಅವರು ಸ್ವಲ್ಪ ಭಾರವನ್ನು ಕಂಬಿಗೆ ಕೊಡುತ್ತಾರೆ. ಕಂಬಿಯನ್ನು ಕೂರಿಸಿದ್ದು ಮಷಿನ್ ಮಾಡಿದವರೇ. ಹಿಡಿದರೆ ಅಂಕವೇನೂ ಕಡಿಮೆಯಾಗಲ್ಲ.

ಭಾವದ ಮಾತು ನೀವು ಹೇಳಿದ್ದು ನಿಜ. ಆ ಹುಡುಗ ಯಾರಿಗೂ ತೋರಿಸಲೆಂದು ಕುಣಿಯುತ್ತಿರಲಿಲ್ಲ. ಮೊದಲ ವರ್ಷಗಳಲ್ಲಿ ತೋರಿಸಲೆಂದೇ ಆಡುವವರು ಇದ್ದರು. ಬಾಣಗಳನ್ನು ಬಾಯಿಪಾಠ ಮಾಡಿಕೊಂಡು, ಪರದೆಗೆ ಬೆನ್ನು ಹಾಕಿ, ಜನರ ಕಡೆ ತಿರುಗಿ ಕುಣಿಯುತ್ತಿದ್ದರು. ಅದು ಚೆಂದವೇ. ಆದರೆ ನನಗೆ ಕಂಬಿ ಹಿಡಿದವರ ಪಾದ ನೋಡುವುದೇ ಜಾಸ್ತಿ ಇಷ್ಟ. ಹೊಸಬರು ಪ್ರತಿ ಹೆಜ್ಜೆ ಆದಮೇಲೂ ಕಾಲನ್ನು ಬಾಣಗಳ ಮಧ್ಯಕ್ಕೆ ವಾಪಸ್ ತರುತ್ತಾರೆ. ನುರಿತವರು ತುಳಿದ ಬಾಣದ ಮೇಲೇ ಪಾದ ಬಿಟ್ಟಿರುತ್ತಾರೆ. ಎಡ, ಹಿಂದೆ, ಬಲ ಅಂತ ಬಂದು ಸರದಿ ಎಡಗಾಲಿನದೇ ಆಗಿದ್ದರೆ, ಅದೇ ಕಾಲು ದೇಹ ದಾಟಿ ಬಲಬಾಣಕ್ಕೆ ಹೋಗುತ್ತದೆ. ಸೊಂಟ ಇಡೀ ಪಕ್ಕಕ್ಕೆ ತಿರುಗುತ್ತದೆ. ಯಾರೂ ಹೇಳಿಕೊಡದ ಒಂದು ತಿರುವು, ಬರೀ ತಾಳದಿಂದ ಹುಟ್ಟಿದ್ದು. ನನ್ನ ಮಟ್ಟಿಗೆ ಅದು ಡ್ಯಾನ್ಸೇ.

ಮುಂದಿನ ಸಲ ಹೋದಾಗ ನೀವೂ ಹತ್ತಿ. ಸಾಮಾನ್ಯವಾಗಿ 100 ಯೆನ್ ನಾಣ್ಯ ಸಾಕು. ಅಡಿ ಚಪ್ಪಟೆಯಿರುವ ಶೂ ಹಾಕಿಕೊಳ್ಳಿ, 'ಬಿಗಿನರ್' ಆರಿಸಿ. ಮಂಡಿ ಸ್ವಲ್ಪ ಬಗ್ಗಿರಲಿ, ಹಿಮ್ಮಡಿ ಊರಿ ಕುಟ್ಟಬೇಡಿ. ಬಾಣಗಳು ಗಿಜಿಗಿಜಿ ಅನ್ನಿಸಿದರೆ ಅವು ಏರುವ ವೇಗವನ್ನು ಹೆಚ್ಚಿಸಿ. ಆಗ ನಡುವೆ ಜಾಗ ಬಿಡಿಸಿಕೊಂಡು ಓದಲು ಸುಲಭವಾಗುತ್ತವೆ. ಕಂಬಿ ಮಾತ್ರ ಸದ್ಯಕ್ಕೆ ಬೇಡ, ಮೊದಲು ಸಮತೋಲ ಕೂರಲಿ. ಪಕ್ಕದಲ್ಲಿ ಇನ್ನೊಬ್ಬರಿಗೂ ಜಾಗ ಇರುತ್ತದೆ, ಮಗಳನ್ನು ಹತ್ತಿಸಿ. ಇಬ್ಬರ ಅಂಕವನ್ನೂ ನಮಗೆ ಬರೆದು ಕಳಿಸಿ.