ಹಳೇ ಪಿಕಪ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಮೊದಲು ಸಿಲಿಂಡರ್ ಹುಡುಕಿ, ಪಾರ್ಟ್ಸ್ ಆಮೇಲೆ

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ? 1998ರ ಷೆವ್ರೊಲೆ ಪಿಕಪ್, 5.7 ಲೀಟರ್ ವಿ8 ಪೆಟ್ರೋಲ್ ಎಂಜಿನ್. ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಏರು ಹತ್ತುವಾಗ ಜರ್ಕ್ ಹೊಡೆಯುತ್ತದೆ, ಆಗ ಚೆಕ್ ಎಂಜಿನ್ ಲೈಟ್ ಮಿಟುಕುತ್ತದೆ. ಪ್ಲಗ್ ಎಲ್ಲ ಹೊಸದು ಹಾಕಿಸಿದರೂ ಹೋಗಿಲ್ಲ. ಒಬ್ಬರು ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವುದು) ಅಂದರು, ಇನ್ನೊಬ್ಬರು ಕಾಯಿಲ್ (ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವುದು) ಅಂದರು. ಯಾವುದನ್ನು ತರಲಿ?

ಸದ್ಯಕ್ಕೆ ಯಾವುದನ್ನೂ ತರಬೇಡಿ. ಮಿಸ್ಸಿಂಗ್ ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ. ಅದು ಯಾವ ಸಿಲಿಂಡರ್ ಅನ್ನೋದೇ ಇನ್ನೂ ಗೊತ್ತಿಲ್ಲ. ಅದು ಗೊತ್ತಾಗದೆ ತಂದ ಪಾರ್ಟ್ ಎಲ್ಲ ಜೂಜು.

ಅದಕ್ಕೂ ಮೊದಲು ಒಂದು ಮಾತು. ಲೈಟ್ ಸುಮ್ನೆ ಉರಿಯುವುದು ಬೇರೆ, ಮಿಟುಕುವುದು ಬೇರೆ. ಮಿಟುಕುತ್ತಿದೆ ಅಂದರೆ ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗುತ್ತಿದೆ. ಅದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೊತ್ತಿ ಅದನ್ನೇ ಕರಗಿಸಿಬಿಡಬಹುದು. ಲೈಟ್ ಮಿಟುಕಿದ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಸರಿಯಾಗುವ ತನಕ ಲೋಡ್ ಹಾಕಬೇಡಿ.

ಈಗ ಸ್ಕ್ಯಾನರ್ ಹಾಕಿ ಕೋಡ್ ಓದಿ. ಪಿ0301ರಿಂದ ಪಿ0308ರ ವರೆಗಿನ ಕೋಡ್‌ಗಳಲ್ಲಿ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಪಿ0300 ಬಂದರೆ ಮಿಸ್ಸಿಂಗ್ ಒಂದೇ ಕಡೆ ನಿಂತಿಲ್ಲ ಅಂತ. ಕಾಯಿಲ್ ಅಂದವರಿಗೆ ಅರ್ಧ ಉತ್ತರ ಇಲ್ಲೇ ಇದೆ. ನಿಮ್ಮ ಎಂಜಿನ್‌ನಲ್ಲಿ ಎಂಟು ಸಿಲಿಂಡರ್‌ಗೂ ಒಂದೇ ಕಾಯಿಲ್. ಅದು ಸೋತಿದ್ದರೆ ಎಂಟಕ್ಕೂ ತೊಂದರೆ ಆಗಬೇಕು. ಒಂದೇ ಸಿಲಿಂಡರ್ ಕೋಡ್ ಮತ್ತೆ ಮತ್ತೆ ಬರುತ್ತಿದ್ದರೆ ಕಾಯಿಲ್ ಮೇಲೆ ಅನುಮಾನ ಬೇಡ.

ಸ್ಕ್ಯಾನರ್ ಕೈಗೆ ಸಿಗದಿದ್ದರೆ ಹಳೇ ಉಪಾಯ ಒಂದಿದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಒಂದು ನಿಮಿಷದೊಳಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳ ಹೊಗೆ ಹೊರಬರುವ ಭಾಗ) ಒಂದೊಂದು ಕೊಳವೆಯ ಬುಡಕ್ಕೂ ನಾಲ್ಕು ಹನಿ ನೀರು ಬಿಡಿ. ಕೆಲಸ ಮಾಡುವ ಸಿಲಿಂಡರ್ ಹತ್ತಿರ ನೀರು ಚುರ್ ಅಂತ ಆರಿಹೋಗುತ್ತದೆ. ಸತ್ತ ಸಿಲಿಂಡರ್ ಹತ್ತಿರ ಹನಿ ಹಾಗೇ ಕೂತಿರುತ್ತದೆ, ಇಲ್ಲವೇ ತಡವಾಗಿ ಆರುತ್ತದೆ. ಎಂಜಿನ್ ಓಡುತ್ತಿರುವಾಗ ಒಂದೊಂದೇ ಪ್ಲಗ್ ವೈರ್ ಕಿತ್ತು ನೋಡುವವರಿದ್ದಾರೆ. ಅದು ಬೇಡ. ಕೈಗೆ ಬೀಳುವ ಶಾಕ್ ತಮಾಷೆಯದ್ದಲ್ಲ, ಇಗ್ನಿಷನ್ ಮಾಡ್ಯೂಲ್ ಕೂಡ ಸುಡಬಹುದು.

ಸಿಲಿಂಡರ್ ಸಿಕ್ಕಿತು ಅಂದುಕೊಳ್ಳಿ, 5ನೆಯದು. ಅದರ ಪ್ಲಗ್ ತೆಗೆದು 2ಕ್ಕೆ ಹಾಕಿ, 2ರದ್ದನ್ನು ಇಲ್ಲಿಗೆ ತನ್ನಿ. ಕೋಡ್ ಅಳಿಸಿ ಓಡಿಸಿ. ಮಿಸ್ಸಿಂಗ್ 2ಕ್ಕೆ ಹೋದರೆ ಪ್ಲಗ್ಗೇ ಕಳ್ಳ. ಹೊಸ ಪ್ಲಗ್ ಅಂತ ಬಿಡಬೇಡಿ, ಬಿಗಿಯುವಾಗ ಪಿಂಗಾಣಿ ಸೀಳಿರುವುದು ಬೇಕಾದಷ್ಟಿದೆ. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್‌ನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಇದೆಯಾ ನೋಡಿ. ಇದ್ದರೆ ಕರೆಂಟು ತುದಿಗೆ ಹೋಗದೆ ಆ ಗೆರೆ ಹಿಡಿದು ಹೊರಗಿನಿಂದಲೇ ಹಾರುತ್ತಿದೆ. ಆ ಗೆರೆ ವೈರಿನ ರಬ್ಬರ್ ಬೂಟಿನ ಒಳಗೂ ಅಚ್ಚು ಬಿದ್ದಿರುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಮಿಸ್ಸಿಂಗ್ 5ರಲ್ಲೇ ಉಳಿದರೆ ವೈರ್ ಬದಲಿಸಿ ನೋಡಿ. ಉದ್ದ ಒಂದೇ ಇರುವುದಿಲ್ಲ, ಹಾಗಾಗಿ ಪರೀಕ್ಷೆಗೆ ಅಂತ ಒಂದು ಉದ್ದನೆಯ ಒಳ್ಳೆಯ ವೈರ್ ಇಟ್ಟುಕೊಳ್ಳಿ.

ನನ್ನ ಅನುಮಾನ ಮಾತ್ರ ಡಿಸ್ಟ್ರಿಬ್ಯೂಟರ್ (ಕಾಯಿಲ್‌ನ ಕರೆಂಟನ್ನು ಸರದಿಯಂತೆ ಒಂದೊಂದು ಸಿಲಿಂಡರ್‌ಗೂ ಹಂಚುವುದು) ಕಡೆಗೇ ಹೋಗುತ್ತದೆ. ಏರಿನಲ್ಲಿ ಜಾಸ್ತಿ ಜರ್ಕ್ ಅಂದಿರಲ್ಲ, ಅದಕ್ಕೆ. ಲೋಡ್ ಬಿದ್ದಾಗ ಸಿಲಿಂಡರ್ ಒಳಗೆ ಒತ್ತಡ ಏರುತ್ತದೆ, ಪ್ಲಗ್ ಗ್ಯಾಪ್ ದಾಟಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ದಾರಿಯಲ್ಲಿ ಎಲ್ಲಾದರೂ ಸುಲಭದ ಸಂದು ಸಿಕ್ಕರೆ ಕಿಡಿ ಅಲ್ಲೇ ಹಾರಿಬಿಡುತ್ತದೆ. ವ್ಯಾಕ್ಯೂಮ್ ಲೀಕ್ (ಸಂದಿಯಿಂದ ಎಂಜಿನ್‌ಗೆ ಹೆಚ್ಚುವರಿ ಗಾಳಿ ನುಗ್ಗುವುದು) ಆಗಿದ್ದರೆ ಉಲ್ಟಾ: ಐಡ್ಲಿಂಗ್‌ನಲ್ಲಿ ನಡುಕ ಜಾಸ್ತಿ, ರೇಸ್ ಮಾಡಿದರೆ ಕಡಿಮೆ.

ಕತ್ತಲಾದ ಮೇಲೆ ಬಾನೆಟ್ ತೆಗೆದು, ಎಂಜಿನ್ ಓಡಿಸಿ, ವೈರ್‌ಗಳ ಮೇಲೆ ತೆಳುವಾಗಿ ನೀರು ಸ್ಪ್ರೇ ಮಾಡಿ. ಕೈ, ಬಟ್ಟೆ ಎರಡೂ ಫ್ಯಾನ್‌ನಿಂದ ದೂರ ಇರಲಿ. ಎಲ್ಲಿ ಲೀಕ್ ಇದೆಯೋ ಅಲ್ಲಿ ಟಿಕ್ ಟಿಕ್ ಸದ್ದಿನ ಜೊತೆ ನೀಲಿ ಕಿಡಿ ಕಾಣುತ್ತದೆ. ಆಮೇಲೆ ಎಂಜಿನ್ ನಿಲ್ಲಿಸಿ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಬಿಚ್ಚಿ. ಒಳಗೆ ಹಸಿರು-ಬಿಳಿ ಪುಡಿ, ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಹೋಗುವ ಕಪ್ಪು ಗೆರೆ, ಒಳಗೆ ತಿರುಗುವ ರೋಟರ್‌ನ ಸವೆದ ತುದಿ, ಯಾವುದು ಕಂಡರೂ ಕ್ಯಾಪ್ ಮತ್ತು ರೋಟರ್ ಎರಡನ್ನೂ ಬದಲಿಸಿ. ಆದರೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಟೈಮಿಂಗ್ (ಕಿಡಿ ಹಾರುವ ಹೊತ್ತು) ಸರಿಮಾಡಲು ಹೋಗಬೇಡಿ. ಈ ಎಂಜಿನ್‌ನಲ್ಲಿ ಟೈಮಿಂಗ್ ನೋಡಿಕೊಳ್ಳುವುದು ಕಂಪ್ಯೂಟರ್. ತಿರುಗಿಸಿದರೆ ರೋಟರ್ ಎದುರಿನ ಟರ್ಮಿನಲ್ ತಪ್ಪಿ, ಕಿಡಿ ಪಕ್ಕದ್ದಕ್ಕೆ ಹಾರುತ್ತದೆ. ಯಾರಾದರೂ ಈಗಾಗಲೇ ತಿರುಗಿಸಿದ್ದರೆ ಪಿ1345 ಕೋಡ್ ಕಾಣಿಸಿಕೊಳ್ಳಬಹುದು. ಆಗ ಮಾತ್ರ ಸ್ಕ್ಯಾನರ್‌ನಲ್ಲಿ ಕ್ಯಾಮ್ ರಿಟಾರ್ಡ್ ಅನ್ನೋ ಅಂಕಿ ನೋಡಿಕೊಂಡು ಡಿಸ್ಟ್ರಿಬ್ಯೂಟರನ್ನು ತಿರುಗಿಸಿ, ಆ ಅಂಕಿಯನ್ನು ಸೊನ್ನೆಗೆ, ಹೆಚ್ಚೆಂದರೆ ಆಚೀಚೆ 2 ಡಿಗ್ರಿಯೊಳಗೆ ತರಬೇಕು.

ವೈರ್ ಜೋಡಿಸುವಾಗ ಇನ್ನೊಂದು ಸಂಗತಿ. ಈ ಎಂಜಿನ್‌ನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಸಿಗುವ ಸರದಿ, 1-8-4-3-6-5-7-2. 5 ಮತ್ತು 7 ಅಕ್ಕಪಕ್ಕದ ಸಿಲಿಂಡರ್‌ಗಳು, ಒಂದರ ಹಿಂದೆ ಒಂದು ಕಿಡಿ ಪಡೆಯುವವು. ಇವೆರಡರ ವೈರ್ ಒಂದಕ್ಕೊಂದು ಅಂಟಿಕೊಂಡು ಉದ್ದಕ್ಕೂ ಹೋದರೆ 5ರ ಕರೆಂಟಿನಿಂದ 7ರಲ್ಲಿ ಅಕಾಲದಲ್ಲಿ ಕಿಡಿ ಹುಟ್ಟುತ್ತದೆ. ದೂರ ಇಡಿ, ಅಥವಾ ಒಂದನ್ನೊಂದು ಅಡ್ಡ ದಾಟಿಸಿ.

ಕಿಡಿ ಸರಿ ಇದ್ದರೆ ಪೆಟ್ರೋಲ್. ಇಂಜೆಕ್ಟರ್ ಅಂದವರು ಪೂರ್ತಿ ತಪ್ಪಲ್ಲ. ಈ ಎಂಜಿನ್‌ನಲ್ಲಿ ಇಂಜೆಕ್ಟರ್‌ಗಳು ಮಧ್ಯದಲ್ಲಿ ಕೂತು, ಸಣ್ಣ ಟ್ಯೂಬ್‌ಗಳಲ್ಲಿ ಒಂದೊಂದು ಸಿಲಿಂಡರ್‌ಗೂ ಪೆಟ್ರೋಲ್ ಕಳಿಸುತ್ತವೆ. ಟ್ಯೂಬಿನ ತುದಿಯ ಚಿಕ್ಕ ವಾಲ್ವ್ ಕೊಳೆಗೆ ಕಚ್ಚಿಕೊಂಡರೆ ಆ ಸಿಲಿಂಡರ್ ಹಸಿದು ಕೂರುತ್ತದೆ. ಅದನ್ನು ಮುಟ್ಟಬೇಕಾದರೆ ಇಂಟೇಕ್‌ನ (ಎಂಜಿನ್‌ಗೆ ಗಾಳಿ ಬರುವ ಭಾಗ) ಮೇಲ್ಭಾಗ ಬಿಚ್ಚಬೇಕು. ಅದಕ್ಕೇ ಅದನ್ನು ಕೊನೆಗೆ ಇಡುತ್ತೇನೆ. ಫ್ಯೂಯಲ್ ಪ್ರೆಶರ್ ಮಾತ್ರ ಈಗಲೇ ನೋಡಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದಾಗ 60ರಿಂದ 66 ಪಿಎಸ್‌ಐ ಬರಬೇಕು.

ಇಂಟೇಕ್ ಬಿಚ್ಚುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿ, ಅಂದರೆ ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಗೇಜ್‌ನಲ್ಲಿ ಅಳೆಯಿರಿ. ಎಲ್ಲ ಪ್ಲಗ್ ತೆಗೆದು, ಇಗ್ನಿಷನ್ ಮತ್ತು ಪೆಟ್ರೋಲ್ ಎರಡನ್ನೂ ಬಂದ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಕ್ರ್ಯಾಂಕ್ ಮಾಡಿ. ಅತಿ ಕಡಿಮೆ ಸಿಲಿಂಡರ್ ಅತಿ ಹೆಚ್ಚಿನದರ ಮುಕ್ಕಾಲು ಭಾಗಕ್ಕಿಂತ ಕೆಳಗಿದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್, ಇಲ್ಲವೇ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಪದರ). ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಗ್ಯಾಸ್ಕೆಟ್ ಅಂತಲೇ ಅನುಮಾನ ಪಡಿ. ಪಕ್ಕಾ ಮಾಡಿಕೊಳ್ಳಲು ಲೀಕ್‌ಡೌನ್ ಟೆಸ್ಟ್ ಇದೆ. ಎರಡೂ ವಾಲ್ವ್ ಮುಚ್ಚಿರುವ ಜಾಗಕ್ಕೆ ಪಿಸ್ಟನ್ ತಂದು, ಪ್ಲಗ್ ತೂತಿನಿಂದ ಗಾಳಿ ತುಂಬಿ ಕಿವಿಗೊಡುವುದು. ಸೈಲೆನ್ಸರ್‌ನಲ್ಲಿ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್‌ನಲ್ಲಿ ಅಂದರೆ ಇಂಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಅಂದರೆ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಇಲ್ಲವೇ ಹೆಡ್ ಬಿರುಕು ಬಿಟ್ಟಿರಬಹುದು.