ಟೀ ಶರ್ಟ್ ಮಾಡಿಸುವ ಮೊದಲು ಅಟ್ಟ ಹತ್ತಿ ನೋಡಿ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಸ್ವಲ್ಪ ಬೇಜಾರೂ ಆಯಿತು. ಕಾರವಾರದಲ್ಲಿ ಡೈರೆಕ್ಟ್ ಸೆಲ್ಲಿಂಗ್ (ಅಂಗಡಿ ಇಲ್ಲದೆ ಕಂಪನಿಯ ಮಾಲನ್ನು ಮನೆಮನೆಗೆ ಮಾರುವುದು) ಶುರು ಮಾಡಿ ಒಂದೂವರೆ ವರ್ಷ ಆಯಿತು ಅಂದಿದ್ದೀರಿ. ನಿಮ್ಮ ಕೆಳಗೆ ಸೇರಿ ಮಾರುವವರು 18 ಜನ ಇದ್ದಾರೆ. ಟೀಂಗೆ ಇಂಗ್ಲಿಷ್ ಹೆಸರಿಟ್ಟಿರಿ, ಟೀ ಶರ್ಟ್ ಮಾಡಿಸಿದಿರಿ, ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಹುರುಪಿನ ಮೆಸೇಜ್ ಹಾಕುತ್ತೀರಿ. ಆದರೂ ಮೂರ್ನಾಲ್ಕು ತಿಂಗಳಿಗೆ ಒಬ್ಬೊಬ್ಬರೇ ಜಾರಿಕೊಳ್ಳುತ್ತಾರೆ, ಇಬ್ಬರು ಬೇರೆ ಕಂಪನಿಗೇ ಹೋದರು. 'ನಮ್ಮ ಟೀಂ' ಅನ್ನುವ ಅಭಿಮಾನ ಹುಟ್ಟಿಸುವುದು ಹೇಗೆ, 'ಬಿಟ್ಟು ಹೋಗುವುದಿಲ್ಲ' ಅಂತ ಎಲ್ಲರಿಂದ ಪ್ರತಿಜ್ಞೆ ಮಾಡಿಸಲಾ ಅಂತ ಕೇಳಿದ್ದೀರಿ. ನಗು ಬಂದದ್ದು ಯಾಕೆ ಅಂದರೆ ನನ್ನ ಮನೆಯಲ್ಲೂ ಅಂಥ 12 ಟೀ ಶರ್ಟ್ ಉಳಿದಿದ್ದವು. ಈಗ ಅವುಗಳಲ್ಲಿ ಸ್ಕೂಟಿ ಒರೆಸುತ್ತೇವೆ.

ನಾನು ಕುಮಟಾದವಳು. ಅಡುಗೆಮನೆ ಡಬ್ಬಿ, ಪಾತ್ರೆ ತೊಳೆಯುವ ಲಿಕ್ವಿಡ್, ನೆಲ ಒರೆಸುವ ಲಿಕ್ವಿಡ್, ಸೋಪು, ಶಾಂಪೂ, ಇಂಥವನ್ನು ಮಾರಲು ಶುರು ಮಾಡಿ 11 ವರ್ಷ ಆಯಿತು. ಕಾರು ಬಂಗಲೆ ಏನೂ ಬಂದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮಗಳ ಕಾಲೇಜು ಫೀಸು, ಆ ಸ್ಕೂಟಿ, ನನ್ನದೇ ಅಂತ ಒಂದು ಪಾಸ್‌ಬುಕ್. ಅಷ್ಟೇ. ಟೀಂನಲ್ಲಿ ಈಗ 26 ಜನ ಇದ್ದಾರೆ, ಅವರಲ್ಲಿ 15 ಜನ ಆರು ವರ್ಷಕ್ಕೂ ಹಳಬರು. ಆ 15 ಜನ ಯಾಕೆ ಉಳಿದರು ಅಂತ ಹೇಳಬೇಕಾದರೆ ನಾನು ಮಾಡಿದ ಒಂದು ಕೆಟ್ಟ ಕೆಲಸದಿಂದಲೇ ಶುರು ಮಾಡಬೇಕು.

ಮೂರನೇ ವರ್ಷ ಇರಬೇಕು. ಶಿರಸಿ ಹತ್ತಿರದ ಹಳ್ಳಿಯ ಒಬ್ಬಳು ಟೀಂಗೆ ಬಂದಿದ್ದಳು. ಬಲು ಚುರುಕು. ತಿಂಗಳ 29ನೇ ತಾರೀಖು, ನನ್ನ ಲೆವೆಲ್‌ಗೆ (ಟೀಂ ತರಿಸಿದ ಮಾಲಿನ ಲೆಕ್ಕದಲ್ಲಿ ಕಂಪನಿ ಕೊಡುವ ದರ್ಜೆ) ಪಾಯಿಂಟ್ ಕಡಿಮೆ ಬಿದ್ದಿತ್ತು, ಅಪ್‌ಲೈನ್‌ನವರಿಂದ, ಅಂದರೆ ಟೀಂನಲ್ಲಿ ನನಗಿಂತ ಮೇಲಿನವರಿಂದ, ಫೋನ್ ಮೇಲೆ ಫೋನ್. ನಾನು ಆಕೆಗೆ ಫೋನ್ ಮಾಡಿದೆ. "ಒಂದು ಎಂಟು ಸಾವಿರದ ಮಾಲು ತಕ್ಕಂಡಿಡು ಮಾರಾಯ್ತಿ, ಹೆಂಗಿದ್ರೂ ಖರ್ಚಾಗ್ತದೆ. ನಿಂಗೂ ಲೆವೆಲ್ ಬರ್ತದೆ." ತೆಗೆದುಕೊಂಡಳು. ಮುಂದಿನ ತಿಂಗಳೂ ಅದೇ ತಾರೀಖು, ಅದೇ ಮಾತು. ಮತ್ತೆ ತೆಗೆದುಕೊಂಡಳು. ಮೂರನೇ ತಿಂಗಳು ಫೋನ್ ಎತ್ತಲಿಲ್ಲ. ಗ್ರೂಪಿನಿಂದಲೂ ಹೊರಗೆ ಹೋದಳು. ನಾನು ಏನು ಮಾಡಿದೆ ಗೊತ್ತಾ? 'ಕಲಿಸಿಕೊಟ್ಟವರ ಮೇಲೆ ನಿಷ್ಠೆಯೇ ಇಲ್ಲ ಈಗಿನವರಿಗೆ' ಅಂತ ಉಳಿದವರ ಹತ್ತಿರ ಹೇಳಿಕೊಂಡು ತಿರುಗಿದೆ.

ಜನವರಿಯಲ್ಲಿ ಶಿರಸಿಗೆ ಒಂದು ಉಪನಯನಕ್ಕೆ ಹೋದವಳು, ಮನಸ್ಸು ಕೇಳದೆ ಸಂಜೆ ಆಕೆಯ ಮನೆಗೆ ಹೋದೆ. ಅಡಿಕೆ ಸುಲಿಯುವ ಕಾಲ. ಅಂಗಳದಲ್ಲಿ ದೀಪ ಹಾಕಿ ಐದಾರು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿದ್ದರು. ಆಕೆ ತಲೆ ಎತ್ತಲಿಲ್ಲ. ಅತ್ತೆ ಕಷಾಯ ತಂದುಕೊಟ್ಟರು, ಯಾರು ಏನು ಅಂತ ಕೇಳಲಿಲ್ಲ. ಲೋಟ ಖಾಲಿಯಾದ ಮೇಲೆ ಆಕೆ ಮೆಲ್ಲಗೆ ಅಂದಳು, "ಅಟ್ಟದ ಮೇಲೆ ಇದ್ದು, ನೋಡ್ಕ್ಯಂಡು ಬಾ ಅಕ್ಕಾ." ಏಣಿ ಹತ್ತಿದೆ. ಹಳೇ ಚಾಪೆ, ತಾಮ್ರದ ಹಂಡೆ, ಅವುಗಳ ಹಿಂದೆ ನಮ್ಮ ಕಂಪನಿಯ ರಟ್ಟಿನ ಪೆಟ್ಟಿಗೆ. ಒಂದು ಮೂಲೆ ಇಲಿ ಕಡಿದಿತ್ತು. ನೆಲ ಒರೆಸುವ ಲಿಕ್ವಿಡ್ಡೇ 22 ಬಾಟಲಿ. ಎರಡು ಸೋರಿ ಹಲಗೆಯ ಮೇಲೆ ಹಸಿರು ಕಲೆ ಆಗಿತ್ತು, ಇಡೀ ಅಟ್ಟ ನಿಂಬೆ ವಾಸನೆ. ದುಡ್ಡು ಎಲ್ಲಿಂದ ಬಂತು ಅಂತ ಆಮೇಲೆ ತಿಳಿಯಿತು. ಸ್ವಸಹಾಯ ಸಂಘದ ಸಾಲ. ಗಂಡನಿಗೆ ಗೊತ್ತಿರಲಿಲ್ಲ. "ಎಂಗೆ ಸಾಕಾತು" (ನನಗೆ ಸಾಕಾಯಿತು) ಅಂದಳು. ಬೈಯಲೂ ಇಲ್ಲ. ಬೈದಿದ್ದರೆ ಸುಲಭ ಇತ್ತು.

ಅವತ್ತು ಅಲ್ಲೇ ಉಳಿದೆ. ಎಷ್ಟೋ ಹೊತ್ತು ಕೂತು ಅಡಿಕೆ ಸುಲಿದೆ. ನನ್ನ ಕೈಗೆ ಬರುವ ಕೆಲಸ ಅಲ್ಲ ಅದು, ಉಗುರೆಲ್ಲ ಕಪ್ಪಾಯಿತು. ಬೆಳಿಗ್ಗೆ ಪೆಟ್ಟಿಗೆ ಇಳಿಸಿ ಲೆಕ್ಕ ಹಾಕಿದೆವು. ಉಳಿದ ಮಾಲು 11,300 ರೂಪಾಯಿದು. ಆಕೆ ಕೊಟ್ಟ ದರಕ್ಕೇ ನಾನು ವಾಪಸ್ ತೆಗೆದುಕೊಂಡೆ, ಎರಡು ಕಂತಿನಲ್ಲಿ ದುಡ್ಡು ಕೊಟ್ಟೆ. ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ಆ ಪೆಟ್ಟಿಗೆ ಕಾಲಡಿ ಇಟ್ಟುಕೊಂಡು ಕೂತದ್ದು ಇನ್ನೂ ನೆನಪಿದೆ. ಪ್ರತಿ ತಿರುವಿಗೂ ಬಾಟಲಿಗಳು ಸದ್ದು ಮಾಡುತ್ತಿದ್ದವು. ಅವೆಲ್ಲ ಖರ್ಚಾಗಲು ನಾಲ್ಕು ತಿಂಗಳು ಬೇಕಾಯಿತು.

ನಾನು ಯಾರಿಗೂ ಹೇಳಿರಲಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಘಟ್ಟದ ಮೇಲಿನ ಸುದ್ದಿ ಕೆಳಗೆ ಇಳಿಯಲು ಎಷ್ಟು ಹೊತ್ತು ಬೇಕು? ಹದಿನೈದು ದಿನದೊಳಗೆ ಅಂಕೋಲೆಯವಳ ಫೋನ್. "ಅಕ್ಕಾ, ನನ್ನ ಹತ್ರನೂ ಸ್ವಲ್ಪ ಉಳಿದದೆ, ಹೇಳೂಕೆ ನಾಚಿಕೆ ಆಗಿತ್ತು." ಆಮೇಲೆ ಹೊನ್ನಾವರದವರು. ಆಮೇಲೆ ಮತ್ತಿಬ್ಬರು. ಎಲ್ಲರ ಅಟ್ಟ, ಮಂಚದ ಅಡಿ, ಬೀರು ಹಿಂದೆ ಇದ್ದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ಒಬ್ಬರ ಹತ್ತಿರ ಹೆಚ್ಚಿದ್ದ ಮಾಲು ಇನ್ನೊಬ್ಬರ ಗಿರಾಕಿಗೆ ಹೋಯಿತು. ಮೂರು ತಿಂಗಳು ಹೊಸ ಆರ್ಡರ್ರೇ ಹಾಕಲಿಲ್ಲ. ನನ್ನ ಲೆವೆಲ್ ಬಿತ್ತು. ಮೇಲಿನವರು ಮಾತು ಬಿಟ್ಟರು. ನೀವು ಹುಡುಕುತ್ತಿರುವ 'ನಮ್ಮ ಟೀಂ' ಅನ್ನುವುದು ನಮ್ಮಲ್ಲಿ ಹುಟ್ಟಿದ್ದು ಆ ಮೂರು ತಿಂಗಳಲ್ಲಿ. ಕೈಯಲ್ಲಿ ಆರ್ಡರ್ ಇಲ್ಲದೆ ಯಾರೂ ಮಾಲು ತರಿಸಬಾರದು, 25ನೇ ತಾರೀಖಿನ ನಂತರ ಯಾರೂ ಯಾರಿಗೂ ಪಾಯಿಂಟಿಗಾಗಿ ಫೋನ್ ಮಾಡಬಾರದು ಅಂತ ಆಗ ಮಾಡಿಕೊಂಡದ್ದು ಇವತ್ತಿಗೂ ನಡೆದಿದೆ. ನನಗೂ ಅದೇ ನಿಯಮ.

ಕಾನೂನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಹೊಸಬರ ದುಡ್ಡನ್ನು ಹಳಬರಿಗೆ ಕೊಡುತ್ತ ಹಣ ಸುತ್ತಿಸುವ ಸ್ಕೀಮುಗಳಿಗೆ 1978ರಿಂದಲೇ ನಿಷೇಧ ಇದೆ. 2021ರ ಡಿಸೆಂಬರ್ ಕೊನೆಗೆ ಕೇಂದ್ರ ಸರ್ಕಾರ ಡೈರೆಕ್ಟ್ ಸೆಲ್ಲಿಂಗಿಗೇ ಅಂತ ಬೇರೆ ನಿಯಮ ತಂದಿತು. ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಪಿರಮಿಡ್ ಸ್ಕೀಮ್ ನಡೆಸುವಂತಿಲ್ಲ. ಸೇರಿದವರಿಗೆ ಮನಸ್ಸು ಬದಲಾದರೆ ದಂಡವಿಲ್ಲದೆ ಹೊರಗೆ ಬರಲು ಕೆಲವು ದಿನ ಅವಕಾಶ ಇರಬೇಕು. ಮನೆಗೆ ಹೋಗುವಾಗ ಗುರುತಿನ ಚೀಟಿ ಬೇಕು, ಮೊದಲೇ ಕೇಳಿಕೊಂಡು ಹೋಗಬೇಕು. ಕಂಪನಿ ಹೇಳದ ಗುಣವನ್ನು ಮಾಲಿಗೆ ಕಟ್ಟುವಂತಿಲ್ಲ. (ಮೊದಲೇ ಕೇಳುವುದು ಅಂದರೆ ನಮ್ಮೂರಲ್ಲಿ ಹಿಂದಿನ ದಿನ "ನಾಳೆ ಮನೇಲಿ ಇರ್ತ್ಯಾ?" ಅಂತ ಫೋನ್ ಮಾಡುವುದು, ಅಷ್ಟೇ.) ಇದನ್ನೆಲ್ಲ ನಾನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಹೊಸಬರು ಬಂದ ದಿನವೇ ಕೊಡುತ್ತೇನೆ, ಹೊರಗೆ ಹೋಗುವ ದಾರಿಯನ್ನು ಮೊದಲು ಓದಿಸುತ್ತೇನೆ. ಬಾಗಿಲು ತೆರೆದಿದೆ ಅಂತ ಗೊತ್ತಿದ್ದವರು ಆರಾಮಾಗಿ ಕೂರುತ್ತಾರೆ. ಹಾಗಾಗಿ ಪ್ರತಿಜ್ಞೆ ಗಿತಿಜ್ಞೆ ದಯವಿಟ್ಟು ಬೇಡ.

ಹೆಸರಿನ ವಿಷಯ. ನಾವೂ ಒಂದು ಭಾರೀ ಇಂಗ್ಲಿಷ್ ಹೆಸರಿಟ್ಟುಕೊಂಡಿದ್ದೆವು. ಅರ್ಧ ಜನಕ್ಕೆ ಬಾಯಿಗೇ ಬರುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಎಲ್ಲರಿಗೂ ಕೆಂಪು ಅಂಚಿನ ಒಂದೇ ತರದ ಕೊಡೆ ತರಿಸಿದ್ದೆ, ಸಗಟಿನಲ್ಲಿ ಅಗ್ಗಕ್ಕೆ ಸಿಕ್ಕಿತ್ತು ಅಂತ. ಜುಲೈಯಲ್ಲಿ ಅಂಕೋಲೆಯವಳ ಮಾವ ತೀರಿಕೊಂಡರು. ಜಡಿಮಳೆ. ನಾವು ಒಂಬತ್ತು ಜನ ಬಸ್ ಇಳಿದು ಗದ್ದೆ ಹಾಳಿಯ ಮೇಲೆ ಸಾಲಾಗಿ ಹೋದೆವು. ಅಲ್ಲಿ ಯಾರೋ ಅಜ್ಜಿ, "ಕೊಡೆ ಹೆಂಗಸ್ರು ಬಂದ್ರು" ಅಂದರಂತೆ. ಅದೇ ನಿಂತುಬಿಟ್ಟಿತು. ಈಗ ನಮ್ಮ ಗ್ರೂಪಿನ ಹೆಸರೂ 'ಕೊಡೆಯವರು'. ಕಂಪನಿಯ ಹೆಸರು ಗೊತ್ತಿಲ್ಲದ ಗಿರಾಕಿಗಳೂ "ನೀವು ಕೊಡೆಯವರಲ್ವಾ?" ಅನ್ನುತ್ತಾರೆ. ಹೀಗಾಗಲಿ ಅಂತ ನಾನು ಪ್ಲಾನ್ ಮಾಡಿರಲಿಲ್ಲ, ನೀವೂ ಮಾಡಲು ಆಗುವುದಿಲ್ಲ. ಆದರೆ ಬ್ಯಾಗ್ ಇಲ್ಲದೆ ಒಬ್ಬರ ಮನೆಗೆ ಹೋಗುವ ಸಂದರ್ಭ ಬಂದರೆ ತಪ್ಪಿಸಬೇಡಿ.

ಟಾರ್ಗೆಟ್ ಹಾಕುವುದು ಯಾವಾಗ ಅನ್ನುವುದರ ಮೇಲೂ ಬಹಳ ನಿಂತಿದೆ. ಕಂಪನಿಯ ಕ್ಯಾಲೆಂಡರಿಗೆ ನಮ್ಮ ಊರಿನ ಕ್ಯಾಲೆಂಡರ್ ಗೊತ್ತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದ ಮನೆಯವಳಿಗೆ 'ಈ ತಿಂಗಳು ಡಬಲ್ ಮಾಡು' ಅಂದರೆ ಆಕೆ ಏನು ಅಂದುಕೊಳ್ಳಬೇಕು? ಅದೇ ಶಿರಸಿ ಕಡೆ ಅಡಿಕೆ ಮಾರಿದ ಮೇಲೆ ಕೈಯಲ್ಲಿ ದುಡ್ಡು ಓಡಾಡುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ ಬಂದಾಗ ಮನೆತುಂಬ ನೆಂಟರು, ಡಬ್ಬಿ ಪಾತ್ರೆ ತಾನಾಗಿ ಖರ್ಚಾಗುತ್ತದೆ, ಆದರೆ ಮೀಟಿಂಗಿಗೆ ಒಬ್ಬರೂ ಬರುವುದಿಲ್ಲ, ಬರಲೂಬಾರದು. ಕರಾವಳಿಯಲ್ಲಿ ಚೌತಿಗೆ ಗೋವಾ, ಮುಂಬೈಯಿಂದ ಮಕ್ಕಳು ಊರಿಗೆ ಬರುವ ವಾರವೂ ಹಾಗೆಯೇ. ಒಬ್ಬರ ಬರ ಇನ್ನೊಬ್ಬರ ಸುಗ್ಗಿ ಅಂತ ಟೀಂಗೆ ಗೊತ್ತಾದ ಮೇಲೆ ಹೊಟ್ಟೆಕಿಚ್ಚು ಕಡಿಮೆಯಾಯಿತು.

ಹೊಟ್ಟೆಕಿಚ್ಚು ಅಂದ ಕೂಡಲೇ ನೆನಪಾಯಿತು. ಗ್ರೂಪಿನಲ್ಲಿ 'ಈ ತಿಂಗಳ ಟಾಪ್ 3' ಅಂತ ಫೋಟೋ ಹಾಕುತ್ತಿದ್ದೀರಾ? ನಾನು ಹಾಕುತ್ತಿದ್ದೆ. ಮೂರು ಜನಕ್ಕೆ ಖುಷಿ, ಉಳಿದವರಿಗೆ ಮುಖ ತೋರಿಸಲು ನಾಚಿಕೆ. ಅದೂ ಅಲ್ಲದೆ ಟಾಪ್ ಬಂದವಳ ಗಂಡನ ಮನೆಯವರು "ಇಷ್ಟು ದುಡಿದಿದ್ದು ಎಲ್ಲಿಟ್ಟಿದ್ದೀ?" ಅಂತ ಕೇಳಿದ ಪ್ರಸಂಗವೂ ಆಯಿತು. ಈಗ ಹೊಗಳುವುದಿದ್ದರೆ ಒಬ್ಬಳಿಗೇ ಫೋನ್ ಮಾಡಿ ಹೇಳುತ್ತೇನೆ. ಗ್ರೂಪಿನಲ್ಲಿ ಹಾಕುವುದು ಕೆಲಸದ ಮಾತು ಮಾತ್ರ. ಯಾವ ಬಸ್ಸಿಗೆ ಪಾರ್ಸೆಲ್ ಬರುತ್ತದೆ, ಯಾವ ಡಬ್ಬಿಯ ಮುಚ್ಚಳ ಲೂಸ್ ಬಂದಿದೆ, ಕೊಂಕಣಿ ಮನೆಯಲ್ಲಿ ಮಾತಾಡಲು ಯಾರನ್ನು ಜೊತೆಗೆ ಕರೆದುಕೊಂಡು ಹೋಗಬೇಕು, ಇಂಥವು.

ಬೇರೆ ಕಂಪನಿಗೆ ಹೋದ ಆ ಇಬ್ಬರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಕಡೆ ಜನ ಯಕ್ಷಗಾನದ ಆಟಕ್ಕೆ ಹೋಗುವಾಗ ಮೇಳದ ಹೆಸರಿಗಿಂತ ಮೊದಲು 'ಇವತ್ತು ಭಾಗವತರು ಯಾರು' ಅಂತ ಕೇಳುತ್ತಾರೆ ಅಲ್ವಾ? ನಮ್ಮ ಹೆಂಗಸರೂ ಕಂಪನಿ ನೋಡಿ ನಿಂತವರಲ್ಲ. ನನ್ನ ಟೀಂನಿಂದ ಬೇರೆ ಕಂಪನಿಗೆ ಹೋದವಳು ಒಬ್ಬಳು ಇದ್ದಾಳೆ, ಇವತ್ತಿಗೂ ಚೌತಿಗೆ ಪಂಚಕಜ್ಜಾಯ ತರುತ್ತಾಳೆ. ಹೋದ ವರ್ಷ ತನ್ನ ನಾದಿನಿಯನ್ನು ನನ್ನ ಹತ್ತಿರವೇ ಕಳಿಸಿದಳು. ಕಾರವಾರದಲ್ಲಿ ನಿಮಗೆ ಇನ್ನೊಂದು ತರದವರೂ ಸಿಗುತ್ತಾರೆ, ನೌಕಾನೆಲೆಯ ಕ್ವಾರ್ಟರ್ಸ್‌ನವರು. ಅವರಿಗೆ ವರ್ಗ ಆಗುವುದು ಖಂಡಿತ. ಹೋಗುವವರು ಅಂತ ಗೊತ್ತಿದ್ದೇ ಚೆನ್ನಾಗಿ ಕಲಿಸಿ.

ಒಂದು ಕಷ್ಟದ ಪ್ರಶ್ನೆ ನಿಮಗೆ ನೀವೇ ಹಾಕಿಕೊಳ್ಳಬೇಕು. ನಿಮ್ಮ 18 ಜನರಲ್ಲಿ ಎಲ್ಲರಿಗಿಂತ ಕೆಳಗೆ ಇರುವವಳಿಗೆ ಯಾರನ್ನೂ ಸೇರಿಸದೆ, ಬರೀ ಮಾಲು ಮಾರಿ, ಬಸ್ ಚಾರ್ಜ್ ಕಳೆದು ತಿಂಗಳಿಗೆ ಎಷ್ಟು ಉಳಿಯುತ್ತದೆ? ಕಾಗದದ ಮೇಲೆ ಬರೆಯಿರಿ. ಸೊನ್ನೆ ಬಂದರೆ ತೊಂದರೆ ಟೀಂನದಲ್ಲ, ಆ ಕಂಪನಿಯ ಪ್ಲಾನ್‌ನದು. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ, ನೀವೂ ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ.

ಏನೋ ಒಂದಿಷ್ಟು ಉಳಿಯುತ್ತದೆ ಅಂತಾದರೆ, ಈ ಭಾನುವಾರ ಬಿಟ್ಟು ಹೋದವರಲ್ಲಿ ಒಬ್ಬರ ಮನೆಗೆ ಹೋಗಿ ಬನ್ನಿ. ಹಿಂದಿನ ದಿನ ಫೋನ್ ಮಾಡಿ ಕೇಳಿ. ಟೀ ಶರ್ಟ್ ಹಾಕಬೇಡಿ, ಕ್ಯಾಟಲಾಗ್ ಒಯ್ಯಬೇಡಿ, ವಾಪಸ್ ಬಾ ಅಂತ ಕರೆಯಬೇಡಿ. ಚಾ ಕುಡಿದಾದ ಮೇಲೆ, ಮಾಲು ಏನಾದರೂ ಉಳಿದಿದೆಯಾ ಅಂತ ಕೇಳಿ. ಹೋಗುವಾಗ ಕೈಯಲ್ಲಿ ಒಂದು ಖಾಲಿ ಚೀಲ, ಜೇಬಿನಲ್ಲಿ ಸ್ವಲ್ಪ ದುಡ್ಡು ಇರಲಿ.