ಕಿರಿಕಿರಿ ಇರುವಾಗ ಇರಿಟೇಟ್ ಯಾಕೆ?

ಪತ್ರ: ಕಳೆದ ಸಂಚಿಕೆಯ ಕಥೆಯಲ್ಲಿ ಒಂದು ಸಲ, ಆರೋಗ್ಯ ಪುಟದಲ್ಲಿ ಮೂರು ಸಲ ‘ಇರಿಟೇಟ್’ ಅಂತ ಅಚ್ಚಾಗಿದೆ. ‘ಕಿರಿಕಿರಿ’ ಅನ್ನುವ ಪದ ನಮ್ಮಲ್ಲಿಲ್ಲವೇ? ಎರಡರ ಅರ್ಥವೂ ಬೇರೆಯೇ? ಮುನಿಸಿಕೊಳ್ಳದೆ ಉತ್ತರಿಸಿ.
– ನಿವೃತ್ತ ಮೇಷ್ಟ್ರು, ಬಸವನಗುಡಿ, ಬೆಂಗಳೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಎಣಿಸಿ ನೋಡಿದೆ. ನಾಲ್ಕಲ್ಲ, ಐದು. ಫೋಟೋ ಕೆಳಗಿನ ಸಾಲು ನಿಮ್ಮ ಕಣ್ಣು ತಪ್ಪಿಸಿದೆ.

ಮೊದಲು ಕಥೆಯ ವಿಷಯ. ಹುಡುಗಿ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಆಟೋದೊಳಗೆ ಕೂತು ‘ನಂಗೆ ತುಂಬಾ ಇರಿಟೇಟ್ ಆಗ್ತಿದೆ’ ಅನ್ನುತ್ತಾಳೆ. ಬೆಂಗಳೂರಿನ ಆ ವಯಸ್ಸಿನ ಹುಡುಗಿ ಬೇರೆ ಏನು ಅಂದಾಳು? ಇಂಗ್ಲಿಷಿನಲ್ಲಿ ‘ನಾನು’ ಇರಿಟೇಟ್ ಆಗಬೇಕು. ಇವಳಿಗೆ ‘ನಂಗೆ’ ಆಗುತ್ತಿದೆ. ಹಸಿವಾಗುವ ಹಾಗೆ, ಚಳಿಯಾಗುವ ಹಾಗೆ. ಪದ ಪರದೇಶದ್ದು, ವಾಕ್ಯ ಅಪ್ಪಟ ನಮ್ಮದು. ಇನ್ನೊಂದು ಅನುಕೂಲ ನೋಡಿ. ಈ ಮಾತಿನಲ್ಲಿ ಯಾರ ಮೇಲೂ ತಪ್ಪು ಹೊರಿಸಿಲ್ಲ. ‘ನಂಗೆ ರೇಗ್ತಿದೆ’ ಅಂದಿದ್ದರೆ ಡ್ರೈವರ್ ತಿರುಗಿ ನೋಡುತ್ತಿದ್ದ.

ತಮಾಷೆ ಅಂದರೆ, ಈ ಪದ ಹುಟ್ಟಿದಾಗ ಇಷ್ಟು ಸಾಧುವಾಗಿರಲಿಲ್ಲ. ಲ್ಯಾಟಿನ್‌ನಲ್ಲಿ ಇದರ ಅರ್ಥ ಕೆಣಕು, ರೊಚ್ಚಿಗೆಬ್ಬಿಸು. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಅದೇ ಅರ್ಥವಿತ್ತು. ಕೆಣಕಲು ಕೆಣಕುವವನೊಬ್ಬ ಬೇಕು, ಅಲ್ವಾ? ಆಮೇಲೆ ಪದ ವಿಜ್ಞಾನಿಗಳ ಕೈಗೆ ಸಿಕ್ಕಿತು. 1750ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಆಲ್ಬ್ರೆಖ್ಟ್ ಫಾನ್ ಹಾಲರ್, ಚುಚ್ಚಿದರೆ ಸ್ನಾಯು ತಾನಾಗಿ ಕುಗ್ಗುವ ಗುಣಕ್ಕೆ ‘ಇರಿಟಬಿಲಿಟಿ’ ಅಂದರು. ಅಲ್ಲಿ ಕೋಪವೇ ಇಲ್ಲ. ಮುಟ್ಟಿದ್ದಕ್ಕೆ ಮೈ ಕೊಟ್ಟ ಉತ್ತರ, ಅಷ್ಟೇ.

1913ರಲ್ಲಿ ನಮ್ಮ ಜಗದೀಶಚಂದ್ರ ಬೋಸರು ಗಿಡಗಳ ಇರಿಟಬಿಲಿಟಿಯ ಬಗ್ಗೆಯೇ ಒಂದು ಪುಸ್ತಕ ತಂದರು. ಅವರು ಪ್ರಯೋಗ ಮಾಡಿದ ಗಿಡಗಳಲ್ಲಿ ಮುಖ್ಯವಾದದ್ದು ಯಾವುದು ಗೊತ್ತೇ? ಮುಟ್ಟಿದರೆ ಮುನಿ! ಈ ಗಿಡದ ಲ್ಯಾಟಿನ್ ಹೆಸರಿನಲ್ಲಿರುವುದು ನಾಚಿಕೆ. ನಮ್ಮಲ್ಲೂ ನಾಚಿಕೆಮುಳ್ಳು ಅನ್ನುವವರಿದ್ದಾರೆ. ಆದರೆ ‘ಮುಟ್ಟಿದರೆ ಮುನಿ’ ಅಂದವರು ಯಾರೋ, ಹಾಲರ್ ಹೇಳಿದ್ದನ್ನೇ, ಮುನಿಸನ್ನೂ ಸೇರಿಸಿ, ಎರಡು ಪದದಲ್ಲಿ ಹೇಳಿಬಿಟ್ಟಿದ್ದಾರೆ. (ಚಿಕ್ಕವನಿದ್ದಾಗ ನಾನು ಆ ಗಿಡದೊಳಗೆ ಒಬ್ಬ ಋಷಿ ಕೂತಿದ್ದಾನೆ ಅಂದುಕೊಂಡಿದ್ದೆ. ಮುನಿ ಅಂದರೆ ಇನ್ನೇನು?)

ಈಗ ನಿಮ್ಮ ಕಿರಿಕಿರಿಗೆ ಬರೋಣ. ಒಳ್ಳೆಯ ಪದವೇ. ಅನ್ನದಲ್ಲಿ ಮರಳು ಸಿಕ್ಕಾಗ ಹಲ್ಲಿಗೆ ಗೊತ್ತಾಗುವ ಪದ. ಆದರೆ ಇರಿಟೇಟ್ ಬಂದ ಕಡೆಯೆಲ್ಲ ಅದನ್ನು ಕೂರಿಸಲಾಗದು. ಬೇಕಂತಲೇ ಮಾಡಿದರೆ ಅದು ರೇಗಿಸುವುದು. ಪ್ರೀತಿಯಿಂದ ಮಾಡಿದರೆ ಗೋಳು ಹೊಯ್ದುಕೊಳ್ಳುವುದು. ಕೇಳಿದ್ದನ್ನೇ ಕೇಳಿದರೆ ತಲೆ ತಿನ್ನುವುದು. ಬೆಳಗ್ಗೆ ಕಾಫಿ ತಡವಾದಾಗ ಮನೆಯ ಯಜಮಾನರು ತೋರಿಸುವುದು ಸಿಡಿಮಿಡಿ. ಒಗ್ಗರಣೆಯಲ್ಲಿ ಸಿಡಿಯುವ ಸಾಸಿವೆ ಕಣ್ಣ ಮುಂದೆ ಬರುತ್ತದೆ ನೋಡಿ. ಇರಿಟೇಟಿಂಗ್, ಇರಿಟೇಬಲ್ ಎರಡನ್ನೂ ನಮ್ಮವರು ‘ಅವನೊಬ್ಬ ಇರಿಟೇಷನ್’ ಅಂತ ಒಂದೇ ಚೀಲಕ್ಕೆ ತುಂಬುತ್ತಾರೆ. ಮೊದಲನೆಯವನು ನಮ್ಮ ತಲೆ ತಿನ್ನುವವನು, ಎರಡನೆಯವನು ಸಿಡುಕ. ಒಬ್ಬನಲ್ಲೇ ಎರಡೂ ಇರುವುದುಂಟು, ಅದು ಬೇರೆ ಮಾತು.

ನಮ್ಮ ಕಚೇರಿಯಲ್ಲಿ ಒಬ್ಬರು ‘ಬೇಜಾರು’ ಸಾಕಲ್ವಾ ಅಂದರು. ಪಾರ್ಸಿಯಿಂದ ಬಂದ ಈ ಪದದಲ್ಲಿ ಬೇಸರ, ದುಃಖ, ಸಿಟ್ಟು ಎಲ್ಲಾ ಇದೆ. ರೇಗಿಸು ಅನ್ನುವ ಅರ್ಥದ ಇಂಗ್ಲಿಷಿನ ‘ಅನಾಯ್’ ಕೂಡ ಹೀಗೇ. ಫ್ರೆಂಚಿನಲ್ಲಿ ಬೇಸರಕ್ಕೆ ಹೇಳುವ ‘ಆನ್ವಿ’ಯೂ ಅದೂ ಒಂದೇ ಬೇರಿನವು. ಆದರೆ ಸಿಗ್ನಲ್‌ನಲ್ಲಿ ಕೂತವಳಿಗೆ ಬೇಜಾರು ಆಗುವುದು ಮೊದಲ ಹತ್ತು ನಿಮಿಷ. ಆಮೇಲಿನದು ಬೇರೆ.

ಇನ್ನು ಆರೋಗ್ಯ ಪುಟ. ಅಲ್ಲಿ ನಮ್ಮದೇ ತಪ್ಪು, ಸುಮ್ನೆ ಸಮರ್ಥಿಸಿಕೊಳ್ಳುವುದಿಲ್ಲ. ಖಾಲಿ ಸೈಟುಗಳಲ್ಲಿ ಬೆಳೆಯುವ ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡ, ತಾಗಿದರೆ ‘ಚರ್ಮ ಇರಿಟೇಟ್ ಆಗುತ್ತದೆ’ ಅಂತ ಬರೆದೆವು. ಅದನ್ನು ಕೈಯಾರೆ ಕಿತ್ತವರನ್ನು ಕೇಳಬೇಕಿತ್ತು. ನವೆ ಅನ್ನುತ್ತಾರೆ, ಉರಿ ಅನ್ನುತ್ತಾರೆ, ಗಂಧೆ ಎದ್ದಿತು ಅನ್ನುತ್ತಾರೆ. ಮೂರೂ ಬೇರೆ ಬೇರೆ. ಓದುಗರು ಡಾಕ್ಟರ ಮುಂದೆ ಕೂತಾಗ ಯಾವುದು ಅಂತ ಬಿಡಿಸಿ ಹೇಳಬೇಕಾಗುತ್ತದೆ. ಇಂಗ್ಲಿಷ್ ಲೇಖನ ಪಕ್ಕದಲ್ಲಿಟ್ಟುಕೊಂಡು ಬರೆದರೆ ಹೀಗೇ ಆಗುವುದು. ಮುಂದಿನ ಸಂಚಿಕೆಯಲ್ಲಿ ಆ ನಾಲ್ಕು ಜಾಗದ ತಿದ್ದುಪಡಿ ಹಾಕುತ್ತೇವೆ, ಫೋಟೋ ಕೆಳಗಿನದ್ದೂ ಸೇರಿ. ಕಥೆಯ ಹುಡುಗಿಯ ಮಾತನ್ನು ಮುಟ್ಟುವುದಿಲ್ಲ.